ಇಪ್ಪತ್ತೊಂದನೇ ಹುಟ್ಟುಹಬ್ಬದ ಲೆಕ್ಕ: ಫ್ರಿಸ್ಕೊ ಹುಡುಗಿಯೊಬ್ಬಳ ಬಿಸಿನೆಸ್ ಪದವಿಯ ಪ್ರಕರಣ

2022ರ ಏಪ್ರಿಲ್ ಎರಡನೇ ವಾರ. ಟೆಕ್ಸಸ್‌ನ ಫ್ರಿಸ್ಕೊದಲ್ಲಿ ನನ್ನ ಅಕ್ಕನ ಮನೆ. ಊಟದ ಮೇಜಿನ ಮೇಲೆ ಅಕ್ಕನ ಮಗಳಿಗೆ ಕಾಲೇಜುಗಳಿಂದ ಬಂದ ಎರಡು ಪ್ರವೇಶ ಪತ್ರಗಳನ್ನು ಪ್ರಿಂಟ್ ಹಾಕಿ ಇಟ್ಟಿದ್ದರು. ಒಂದು ಬ್ಲೂಮಿಂಗ್ಟನ್‌ನ ಇಂಡಿಯಾನಾ ವಿಶ್ವವಿದ್ಯಾಲಯದ್ದು, ಕೆಲ್ಲಿ ಬಿಸಿನೆಸ್ ಸ್ಕೂಲಿಗೆ ಮೊದಲ ವರ್ಷದಿಂದಲೇ ನೇರ ಪ್ರವೇಶ. ಇನ್ನೊಂದು ಮನೆಯಿಂದ ಅರ್ಧ ಗಂಟೆ ದೂರದ ರಿಚರ್ಡ್‌ಸನ್‌ನದು, ಟೆಕ್ಸಸ್ ವಿಶ್ವವಿದ್ಯಾಲಯದ ಡಲ್ಲಾಸ್ ಶಾಖೆಯ ಜಿಂದಾಲ್ ಸ್ಕೂಲು. ಮೇ 1ರೊಳಗೆ ಎರಡರಲ್ಲಿ ಒಂದಕ್ಕೆ ಹೂಂ ಅನ್ನಬೇಕಿತ್ತು. ನಾನು ಲೆಕ್ಕಪತ್ರದ ಕೆಲಸ ಮಾಡುವವಳು, ಪ್ಲೇನೊದಲ್ಲಿ ಇರುವವಳು. 'ಬಂದು ಒಂದು ಸಲ ನೋಡಿ ಹೋಗೇ' ಎಂದು ಅಕ್ಕ ಕರೆದಳು. ನೋಡಲು ಹೋದವಳು ಮೂರು ವಾರ ಅದರಲ್ಲೇ ಇದ್ದೆ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಮಾತ್ರ ಬಿಟ್ಟಿದ್ದೇನೆ.

ಹುಡುಗಿ ಹುಟ್ಟಿದ್ದು ತುಮಕೂರಿನಲ್ಲಿ, 2004ರ ಅಕ್ಟೋಬರ್‌ನಲ್ಲಿ. ಅಪ್ಪನ ಎಚ್-1ಬಿ ಎಂಬ ಕೆಲಸದ ವೀಸಾ ಜೊತೆ ಐದು ವರ್ಷದವಳಿದ್ದಾಗ, ಅವಲಂಬಿತರಿಗೆ ಕೊಡುವ ಎಚ್-4 ಮೇಲೆ ಅಮೆರಿಕಕ್ಕೆ ಬಂದಳು. ತಮ್ಮ ಇಲ್ಲೇ ಹುಟ್ಟಿದವನು, ಹಾಗಾಗಿ ಅವನು ಅಮೆರಿಕದ ಪ್ರಜೆ. ಒಂದೇ ಮನೆ, ಒಂದೇ ತಟ್ಟೆಯಲ್ಲಿ ಉಂಡ ಮಕ್ಕಳು. ಕಾಲೇಜಿನ ಬಾಗಿಲಲ್ಲಿ ಮಾತ್ರ ಇಬ್ಬರಿಗೂ ಬೇರೆ ಬೇರೆ ಕಾನೂನು. ಇದು ನಮ್ಮ ಕಣ್ಣಿಗೆ ಬೀಳಲು ಹದಿನೇಳು ವರ್ಷ ಬೇಕಾಯಿತು.

ಅವಳ ಮೊದಲ ಆಸೆ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಮೆಕೂಂಬ್ಸ್ ಬಿಸಿನೆಸ್ ಸ್ಕೂಲು. ಟೆಕ್ಸಸ್‌ನಲ್ಲಿ 1997ರಿಂದ ಒಂದು ಕಾನೂನಿದೆ: ಪ್ರೌಢಶಾಲೆಯಲ್ಲಿ ಮೊದಲ ಶೇಕಡ 10ರೊಳಗೆ ಬಂದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೀಟು ಖಚಿತ. ಆಸ್ಟಿನ್‌ಗೆ ಮಾತ್ರ ಆ ಗೆರೆಯನ್ನು ಬಿಗಿ ಮಾಡುವ ಅವಕಾಶ ಕೊಟ್ಟಿದ್ದಾರೆ, 2022ರಲ್ಲಿ ಅದು ಶೇಕಡ 6. ಆ ಗೆರೆಯೊಳಗೆ ಬಂದರೂ ಸಿಗುವುದು ವಿಶ್ವವಿದ್ಯಾಲಯದ ಪ್ರವೇಶವೇ ಹೊರತು ಬಿಸಿನೆಸ್ ಸ್ಕೂಲಿನದಲ್ಲ. ಫ್ರಿಸ್ಕೊ, ಪ್ಲೇನೊ ಕಡೆಯ ಶಾಲೆಗಳಲ್ಲಿ ನಮ್ಮ ಮಕ್ಕಳ ನಡುವಿನ ಪೈಪೋಟಿ ಗೊತ್ತಿದ್ದವರಿಗೆ ಶೇಕಡ 6 ಅಂದರೆ ಏನೆಂದು ಗೊತ್ತು. ಸುಮಾರು 520 ಮಕ್ಕಳ ತರಗತಿಯಲ್ಲಿ ಇವಳ ಸ್ಥಾನ 58. ಆಸ್ಟಿನ್ ಬಾಗಿಲು ಮುಚ್ಚಿತು. ಎರಡು ದಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ ಎಂದು ಅಕ್ಕ ಹೇಳಿದಳು.

ಅದಾದ ಮೇಲೆ ಬಂದ ಕೆಲ್ಲಿಯ ಪತ್ರ ಮನೆಗೆ ಹಬ್ಬದ ಹಾಗೆ ಬಂತು. ಕೆಲ್ಲಿ 1920ರಿಂದ ಇರುವ ಶಾಲೆ, ಅಮೆರಿಕದ ಸರ್ಕಾರಿ ಬಿಸಿನೆಸ್ ಸ್ಕೂಲುಗಳಲ್ಲಿ ಮುಂಚೂಣಿಯದು. ಅಲ್ಲಿನ 'ಐ-ಕೋರ್' ಎಂಬ ಒಂದು ಸೆಮಿಸ್ಟರ್ ಹೆಸರುವಾಸಿ. ಫೈನಾನ್ಸ್, ಮಾರ್ಕೆಟಿಂಗ್, ಆಪರೇಷನ್ಸ್ ಎಲ್ಲವನ್ನೂ ಒಟ್ಟಿಗೆ ಕಲಿಸಿ, ಕೊನೆಗೆ ತಂಡ ಕಟ್ಟಿಸಿ ಒಂದೇ ಕಂಪನಿಯ ಸಮಸ್ಯೆಯನ್ನು ಬಿಡಿಸಲು ಕೂರಿಸುತ್ತಾರೆ. ಅದನ್ನು ದಾಟಿದವರು ಜೀವನಪೂರ್ತಿ ಅದರ ಕಥೆ ಹೇಳುತ್ತಾರೆ. ಭಾವನವರು ಅದೇ ರಾತ್ರಿ ಇಂಡಿಯಾನಾ ಎಂದು ಬರೆದಿದ್ದ ಟೀ ಶರ್ಟಿಗೆ ಆರ್ಡರ್ ಹಾಕಿದರು.

ಈಗ ದುಡ್ಡಿನ ಮಾತು. ಸರ್ಕಾರಿ ವಿಶ್ವವಿದ್ಯಾಲಯ ನಡೆಯುವುದರಲ್ಲಿ ಆ ರಾಜ್ಯದವರ ತೆರಿಗೆಯ ಪಾಲಿದೆ. ಹಾಗಾಗಿ ರಾಜ್ಯದ ಮಕ್ಕಳಿಗೆ ಒಂದು ಶುಲ್ಕ, ಹೊರಗಿನವರಿಗೆ ಇನ್ನೊಂದು. ತುಮಕೂರಿನಲ್ಲಿರುವ ನಮ್ಮಮ್ಮನಿಗೆ ಫೋನಿನಲ್ಲಿ ಇದನ್ನು ಬಿಡಿಸಿ ಹೇಳಿದಾಗ, 'ಸಿಇಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರ್ಬೇಕು ಅಂತಾರಲ್ಲ, ಹಂಗಾ?' ಅಂದರು. ಹತ್ತಿರಹತ್ತಿರ ಹಂಗೇ. ಆದರೆ ಇಲ್ಲಿ ಸೀಟು ಕೊಡುತ್ತಾರೆ, ಬೆಲೆ ಬೇರೆ ಹೇಳುತ್ತಾರೆ. ರಾಜ್ಯದ ಅನುದಾನ ಕಡಿಮೆಯಾದಷ್ಟೂ ಹೊರರಾಜ್ಯದ ಮಕ್ಕಳ ಶುಲ್ಕದಿಂದ ಖರ್ಚು ತೂಗಿಸಿಕೊಳ್ಳುವ ವಿಶ್ವವಿದ್ಯಾಲಯಗಳು ಹೆಚ್ಚಾಗಿವೆ. ಹೀಗಾಗಿ ಹೊರರಾಜ್ಯದಿಂದ ಬರುವ ಪ್ರವೇಶ ಪತ್ರದಲ್ಲಿ ಮೆಚ್ಚುಗೆಯೂ ಇರುತ್ತದೆ, ಅವರ ಬಜೆಟ್ಟಿನ ಅಗತ್ಯವೂ ಇರುತ್ತದೆ. ಇದನ್ನು ಮಕ್ಕಳಿಗೆ ಹೇಳುವುದು ಕಷ್ಟ, ಆದರೂ ಹೇಳಬೇಕು.

ನಾನು ಹಾಳೆಯ ಮೇಲೆ ಬರೆದ ಅಂಕಿಗಳು ಇಷ್ಟು. ಬ್ಲೂಮಿಂಗ್ಟನ್: ಶುಲ್ಕ, ಹಾಸ್ಟೆಲು, ಊಟ ಸೇರಿ ವರ್ಷಕ್ಕೆ 55 ಸಾವಿರ ಡಾಲರ್ ದಾಟುತ್ತದೆ. ವರ್ಷ ವರ್ಷ ಏರುವುದನ್ನೂ ಹಿಡಿದರೆ ನಾಲ್ಕು ವರ್ಷಕ್ಕೆ 2 ಲಕ್ಷ 30 ಸಾವಿರ. ರಿಚರ್ಡ್‌ಸನ್: ಟೆಕ್ಸಸ್ ನಿವಾಸಿಗೆ ಶುಲ್ಕ ವರ್ಷಕ್ಕೆ 15 ಸಾವಿರದ ಆಸುಪಾಸು, ಸೇರಿದ ವರ್ಷದ ದರ ನಾಲ್ಕು ವರ್ಷ ಬದಲಾಗುವುದಿಲ್ಲ ಎಂಬ ಭರವಸೆ ಬೇರೆ. ಮನೆಯಿಂದ ಓಡಾಡಿದರೆ ಪುಸ್ತಕ, ಪೆಟ್ರೋಲು ಎಲ್ಲ ಸೇರಿ 70 ಸಾವಿರದಲ್ಲಿ ಪದವಿ ಮುಗಿಯುತ್ತದೆ. ವ್ಯತ್ಯಾಸ 1 ಲಕ್ಷ 60 ಸಾವಿರ ಡಾಲರ್. ಆಗಿನ ದರದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ರೂಪಾಯಿ.

ಆ ಅಂಕಿಯ ಕೆಳಗೆ ಇನ್ನೊಂದು ಸಾಲು ಬರೆದೆ. ಎಚ್-4 ಮಗುವಿಗೆ ಕೇಂದ್ರ ಸರ್ಕಾರದ ಅನುದಾನವೂ ಇಲ್ಲ, ಸಾಲವೂ ಇಲ್ಲ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರ ಜಾಮೀನು ಬೇಕು. ಅಂದರೆ ಆ 2 ಲಕ್ಷ 30 ಸಾವಿರ ಪೂರ್ತಿ ಅಪ್ಪ ಅಮ್ಮನ ಕೈಯಿಂದಲೇ ಬರಬೇಕು. ಮನೆಯ ಮೇಲೆ ಸಾಲ ತೆಗೆಯಲು ಭಾವ ತಯಾರಿದ್ದರು.

ಆ ವಾರಗಳಲ್ಲಿ ಸಿಕ್ಕ ಪುಕ್ಕಟೆ ಸಲಹೆಗಳ ಬಗ್ಗೆ ಒಂದು ಮಾತು. 'ಒಂದು ವರ್ಷ ಅಲ್ಲಿದ್ದರೆ ಅಲ್ಲಿನ ನಿವಾಸಿ ಆಗಿಬಿಡ್ತಾಳೆ, ಆಮೇಲೆ ಫೀಸು ಅರ್ಧ' ಎಂದು ಕನಿಷ್ಠ ನಾಲ್ಕು ಜನ ಹೇಳಿದರು. ತಪ್ಪು. ಓದುವುದಕ್ಕೆಂದು ಬಂದು ಉಳಿದದ್ದು ನಿವಾಸ ಎನಿಸಿಕೊಳ್ಳುವುದಿಲ್ಲ. ಅಪ್ಪ ಅಮ್ಮನ ಆಸರೆಯಲ್ಲಿರುವ ಮಗುವಿಗೆ ಅವರ ಮನೆ ಇರುವ ರಾಜ್ಯವೇ ರಾಜ್ಯ. ಇನ್ನೊಂದು ಸಲಹೆ ಸರಿಯಾಗಿತ್ತು, ಆದರೆ ತಡವಾಗಿ ಬಂತು. ಪಕ್ಕದ ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲಿ ಟೆಕ್ಸಸ್‌ನಂಥ ನೆರೆರಾಜ್ಯಗಳ ಮಕ್ಕಳಿಗೆ ಅಂಕ ನೋಡಿ ಹೊರರಾಜ್ಯದ ಹೆಚ್ಚುವರಿ ಶುಲ್ಕದಲ್ಲಿ ದೊಡ್ಡ ಪಾಲು ಬಿಡುವ ಯೋಜನೆ ಇದೆ. ಅಲ್ಲಿನ ವಾಲ್ಟನ್ ಸ್ಕೂಲಿಗೆ ವಾಲ್‌ಮಾರ್ಟ್ ಕಚೇರಿ ಅರ್ಧ ಗಂಟೆಯ ದಾರಿಯಲ್ಲಿದೆ. ಏಪ್ರಿಲ್‌ನಲ್ಲಿ ಗೊತ್ತಾಗಿ ಏನು ಬಂತು? ಹಿಂದಿನ ಆಗಸ್ಟ್‌ನಲ್ಲೇ ವೀಸಾ ಹೇಳಿ ವಿಚಾರಿಸಬೇಕಿತ್ತು. ಹೊರರಾಜ್ಯ ಅಂದರೆ ರ‍್ಯಾಂಕಿಂಗ್ ಪಟ್ಟಿ ತೆರೆಯುತ್ತೇವೆ, ರಿಯಾಯಿತಿ ಪಟ್ಟಿ ತೆರೆಯುವುದಿಲ್ಲ.

ಆದರೂ ದುಡ್ಡೊಂದೇ ಆಗಿದ್ದರೆ ಈ ಮನೆ ಬ್ಲೂಮಿಂಗ್ಟನ್ ಕಡೆಗೇ ವಾಲುತ್ತಿತ್ತು. ಕಾರಣ ಭಾವನ ನಂಬಿಕೆ. ಅವರ ಗ್ರೀನ್ ಕಾರ್ಡ್ ಅರ್ಜಿಯ ದಿನಾಂಕ 2015ರ ಮಾರ್ಚ್, ಉದ್ಯೋಗದ ಮೇಲೆ ಸಿಗುವ ಇಬಿ-2 ವರ್ಗ. ಯಾವ ದೇಶಕ್ಕೂ ಶೇಕಡ 7ಕ್ಕಿಂತ ಹೆಚ್ಚು ಕೊಡಬಾರದೆಂಬ ನಿಯಮದಿಂದ ಭಾರತದವರ ಸಾಲು ವರ್ಷಗಟ್ಟಲೆ ಉದ್ದ. ಆದರೆ 2022ರ ವಸಂತದಲ್ಲಿ ಆ ಸಾಲು ಬಹಳ ವೇಗದಲ್ಲಿ ಓಡುತ್ತಿತ್ತು. ಯಾವ ದಿನಾಂಕದ ಅರ್ಜಿಯವರೆಗೆ ಸರದಿ ಬಂದಿದೆ ಎಂದು ಸರ್ಕಾರ ತಿಂಗಳು ತಿಂಗಳು ಹೇಳುವ ಪಟ್ಟಿ, ಅಂದರೆ ಮೇ ತಿಂಗಳ ವೀಸಾ ಬುಲೆಟಿನ್‌ನಲ್ಲಿ 2013ರ ಸೆಪ್ಟೆಂಬರ್ ತಲುಪಿತ್ತು. 'ಇನ್ನೇನು ಒಂದೂವರೆ ವರ್ಷ ಬಾಕಿ. ಮುಂದಿನ ವರ್ಷ ಕಾರ್ಡು ಬಂದೇ ಬರತ್ತೆ. ಆಮೇಲೆ ಅವಳಿಗೆ ಸಾಲ, ಸ್ಕಾಲರ್‌ಶಿಪ್ ಎಲ್ಲ ಸಿಗತ್ತೆ' ಎಂದು ಭಾವ ಬುಲೆಟಿನ್ ತೆರೆದು ತೋರಿಸಿದರು.

ನಾನು ಗಟ್ಟಿಯಾಗಿ ನಿಂತದ್ದು ಇದೊಂದೇ ವಿಷಯಕ್ಕೆ. ಕಾರ್ಡು ಬರುವುದೇ ಇಲ್ಲ ಎಂದುಕೊಂಡು ಲೆಕ್ಕ ಹಾಕೋಣ, ಬಂದರೆ ದೇವರು ಕೊಟ್ಟದ್ದು ಎಂದೆ. ಯಾಕೆಂದರೆ ಎಚ್-4 ಮಕ್ಕಳಿಗೆ 21 ತುಂಬಿದ ದಿನ ಆ ವೀಸಾ ಮುಗಿಯುತ್ತದೆ. ಇವಳಿಗೆ ಅದು 2025ರ ಅಕ್ಟೋಬರ್, ಪದವಿಯ ಕೊನೆಯ ವರ್ಷದ ನಟ್ಟನಡುವೆ. ಮಕ್ಕಳ ವಯಸ್ಸನ್ನು ಕಾಪಾಡುವ 2002ರ ಕಾನೂನೊಂದಿದೆ. ಅದು ಅಪ್ಪನ ಗ್ರೀನ್ ಕಾರ್ಡಿಗೆಂದು ಕಂಪನಿ ಹಾಕುವ ಐ-140 ಅರ್ಜಿ ಎಷ್ಟು ದಿನ ಕಚೇರಿಯಲ್ಲಿ ಕೂತಿತ್ತೋ ಅಷ್ಟು ದಿನವನ್ನು ಮಗುವಿನ ವಯಸ್ಸಿನಿಂದ ಕಳೆಯುತ್ತದೆ. ಭಾವನ ಕಂಪನಿ ಹೆಚ್ಚು ಹಣ ಕಟ್ಟಿ ಪ್ರೀಮಿಯಂನಲ್ಲಿ ಹಾಕಿತ್ತು. ಹದಿನೈದು ದಿನದೊಳಗೆ ಒಪ್ಪಿಗೆ ಬಂದಿತ್ತು, ಅಂದು ಮನೆಯಲ್ಲಿ ಪಾಯಸ ಮಾಡಿದ್ದರು. ಈಗ ಅವಳ ವಯಸ್ಸಿನಿಂದ ಕಳೆಯಲು ಆ ಹದಿನೈದು ದಿನವೂ ಪೂರ್ತಿ ಇರಲಿಲ್ಲ. ಇದನ್ನು ಕೇಳಿ ಅಕ್ಕ ಎದ್ದು ಒಲೆಯ ಹತ್ತಿರ ಹೋಗಿ ನಿಂತಳು.

ಮುಂದಿನ ವಾರ ಅಪ್ಪ ಮಗಳು ಬ್ಲೂಮಿಂಗ್ಟನ್ ನೋಡಿ ಬಂದರು. ಇಂಡಿಯಾನಾಪೊಲಿಸ್‌ಗೆ ವಿಮಾನ, ಅಲ್ಲಿಂದ ದಕ್ಷಿಣಕ್ಕೆ ಒಂದು ಗಂಟೆಯ ಕಾರಿನ ದಾರಿ. ಸುಣ್ಣದ ಕಲ್ಲಿನ ಕಟ್ಟಡಗಳು, ಆ ಸೀಮೆಯ ಕಲ್ಲೇ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೂ ಹೋಗಿದೆ. ಹುಡುಗಿಗೆ ಊರು ಬಹಳ ಹಿಡಿಸಿತು. ಹಿಡಿಸದೆ ಇರುವಂಥ ಊರೂ ಅಲ್ಲ. ಅಲ್ಲಿ ಕ್ಯಾಂಪಸ್ ತೋರಿಸುತ್ತಿದ್ದ ಹಿರಿಯ ವಿದ್ಯಾರ್ಥಿಯೊಬ್ಬ ಹೇಳಿದನಂತೆ: ಬ್ಯಾಂಕಿನ ಕೆಲಸ ಬೇಕಾದರೆ ಎರಡನೇ ವರ್ಷದಲ್ಲೇ ಸಂದರ್ಶನ ಶುರು, ಮೂರನೇ ಬೇಸಿಗೆಯ ಇಂಟರ್ನ್‌ಶಿಪ್‌ನಿಂದಲೇ ಕಾಯಂ ಕೆಲಸ ಹುಟ್ಟುವುದು. ಅರ್ಜಿಯ ಮೊದಲ ಪುಟದಲ್ಲೇ ಎರಡು ಪ್ರಶ್ನೆ ಇರುತ್ತವೆ, ಅಮೆರಿಕದಲ್ಲಿ ಕೆಲಸ ಮಾಡಲು ಅನುಮತಿ ಇದೆಯೇ, ಮುಂದೆ ವೀಸಾ ಪ್ರಾಯೋಜನೆ ಬೇಕೇ.

'ಎಚ್-4 ಇದ್ದರೆ ಏನು ಬರೀಬೇಕು?' ಎಂದು ಇವಳು ಕೇಳಿದಳು. ಪಾಪ, ಅವನಿಗೆ ಗೊತ್ತಿರಲಿಲ್ಲ.

ವಾಪಸ್ ಬಂದ ರಾತ್ರಿ ಅವಳೇ ನನಗೆ ಫೋನ್ ಮಾಡಿದಳು. 'ಚಿಕ್ಕಮ್ಮ, ನಾನು ಸಮ್ಮರ್‌ನಲ್ಲಿ ದುಡಿಯೋ ಹಾಗೇ ಇಲ್ವಂತೆ. ನಿಮ್ಮ ಶೀಟ್‌ನಲ್ಲಿ ಅದಿಲ್ಲ.' ನಿಜ, ಇರಲಿಲ್ಲ. ಎಚ್-4 ಮಕ್ಕಳಿಗೆ ಸಂಬಳದ ಕೆಲಸಕ್ಕೆ ಅನುಮತಿ ಇಲ್ಲ, ಅಂಗಡಿಯಲ್ಲಿ ಐಸ್‌ಕ್ರೀಮ್ ಹಾಕಿಕೊಡುವುದಕ್ಕೂ ಇಲ್ಲ. ಬಿಸಿನೆಸ್ ಪದವಿಯಲ್ಲಿ ಇಂಟರ್ನ್‌ಶಿಪ್ ಅರ್ಧ ವಿದ್ಯೆ. ಅದಕ್ಕೆ ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಎಫ್-1ನಲ್ಲಿ ಒಂದು ಶೈಕ್ಷಣಿಕ ವರ್ಷದ ನಂತರ ಪಠ್ಯದ ಭಾಗವಾಗಿ ದುಡಿಯಲು ಸಿಪಿಟಿ ಎಂಬ ಅನುಮತಿ, ಪದವಿ ಮುಗಿದ ಮೇಲೆ ದುಡಿಯಲು 12 ತಿಂಗಳ ಒಪಿಟಿ. ಕೋರ್ಸು ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಸಾಮಾನ್ಯ ಫೈನಾನ್ಸ್ ಆ ಪಟ್ಟಿಯಲ್ಲಿ ಇಲ್ಲ. ಅದೇ 2022ರ ಜನವರಿಯಲ್ಲಿ 22 ವಿಷಯಗಳನ್ನು ಹೊಸದಾಗಿ ಸೇರಿಸಿದ್ದರು, ಅವುಗಳಲ್ಲಿ ಬಿಸಿನೆಸ್ ಅನಲಿಟಿಕ್ಸ್ ಇತ್ತು. ಒಂದೇ ಕಟ್ಟಡದಲ್ಲಿ, ಒಂದೇ ಮೇಷ್ಟರ ಹತ್ತಿರ ಓದಿದ ಇಬ್ಬರಲ್ಲಿ ಒಬ್ಬರಿಗೆ ಒಂದು ವರ್ಷ, ಇನ್ನೊಬ್ಬರಿಗೆ ಮೂರು. ಪದವಿಯ ಹೆಸರಿನ ಹಿಂದಿರುವ ಆರಂಕಿಯ ಸಂಕೇತ ಅದನ್ನು ತೀರ್ಮಾನಿಸುತ್ತದೆ. ಇದನ್ನು ಪ್ರವೇಶ ಕಚೇರಿಯಲ್ಲಿ ಕೇಳಿದರೆ ಹೆಚ್ಚು ಸಲ ಉತ್ತರ ಸಿಗುವುದಿಲ್ಲ, ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಬರೆದು ಕೇಳಬೇಕು.

ಹೊಸ ಸಾಲುಗಳನ್ನು ಸೇರಿಸಿ ಹಾಳೆಯನ್ನು ಮತ್ತೆ ಬರೆದೆವು, ಈ ಸಲ ಅವಳ ಕೈಬರಹದಲ್ಲಿ. ಎಫ್-1ಕ್ಕೆ ಬದಲಾದರೆ ಶುಲ್ಕ ಏನಾಗುತ್ತದೆ ಎಂಬುದು ಮುಖ್ಯ ಪ್ರಶ್ನೆಯಾಯಿತು. ಬ್ಲೂಮಿಂಗ್ಟನ್‌ನಲ್ಲಿ ಹೇಗೂ ಹೊರಗಿನವರ ದರ. ಟೆಕ್ಸಸ್‌ನಲ್ಲಿ 2001ರಿಂದ ಇದ್ದ ನಿಯಮ ಅವಳ ಪರ ಇತ್ತು: ರಾಜ್ಯದಲ್ಲಿ ಮೂರು ವರ್ಷ ವಾಸವಿದ್ದು ಇಲ್ಲಿನ ಪ್ರೌಢಶಾಲೆ ಮುಗಿಸಿದವರು, ವೀಸಾ ಯಾವುದೇ ಇರಲಿ, ಶುಲ್ಕದ ಮಟ್ಟಿಗೆ ಟೆಕ್ಸಸ್‌ನವರೇ. ಎಲ್ಲ ರಾಜ್ಯಗಳಲ್ಲಿ ಹೀಗಿಲ್ಲ. ಕೆಲವೆಡೆ ಎಫ್-1 ಎಂದೊಡನೆ ಅದುವರೆಗೆ ಕಟ್ಟುತ್ತಿದ್ದ ದರ ರದ್ದಾಗಿ ಎರಡು ಮೂರು ಪಟ್ಟಾಗುತ್ತದೆ. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಕಡೆಯ ಕನ್ನಡದ ಮನೆಗಳು ತಮ್ಮ ರಾಜ್ಯದ ನಿಯಮವನ್ನು ಬರಹದಲ್ಲಿ ಪಡೆದುಕೊಳ್ಳದೆ ಮುಂದೆ ಹೋಗಬಾರದು ಎನ್ನುತ್ತೇನೆ.

ತೂಕ ಬದಲಾದದ್ದು ಇನ್ನೊಂದು ಸಾಲಿನಿಂದ. ಮಾಸ್ಟರ್ಸ್ ಮಾಡಿದರೆ ಒಪಿಟಿ ಹೊಸದಾಗಿ ಮತ್ತೆ ಸಿಗುತ್ತದೆ. ಎಚ್-1ಬಿ ಲಾಟರಿಯಲ್ಲೂ 65 ಸಾವಿರ ವೀಸಾಗಳ ಜೊತೆಗೆ ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿದವರಿಗೆಂದೇ 20 ಸಾವಿರ ಬೇರೆ ಇದೆ. ಇವಳ ಸ್ಥಿತಿಯವರಿಗೆ ಮಾಸ್ಟರ್ಸ್ ಹೆಚ್ಚುಕಡಿಮೆ ಕಟ್ಟಿಟ್ಟದ್ದು. ಹಾಗಿದ್ದ ಮೇಲೆ ಮನೆಯ ಹಣವನ್ನೆಲ್ಲ ಮೊದಲ ಪದವಿಗೇ ಸುರಿದರೆ ಎರಡನೆಯದಕ್ಕೆ ಏನು ಉಳಿಯುತ್ತದೆ? ಹೊರರಾಜ್ಯಕ್ಕೆ ಹೋಗಲಿ, ಆದರೆ ಅದರಿಂದ ಅತಿ ಹೆಚ್ಚು ದಕ್ಕುವ ಹೊತ್ತಿನಲ್ಲಿ ಹೋಗಲಿ ಎಂಬುದು ನನ್ನ ವಾದ. ತಮ್ಮನ ವಿಷಯದಲ್ಲಾದರೆ ನಾನು ಹೀಗೆ ಹೇಳುತ್ತಿರಲಿಲ್ಲ. ಅವನು ಮೊದಲ ಬೇಸಿಗೆಯಿಂದಲೇ ದುಡಿಯಬಹುದು, ಸಾಲ ಪಡೆಯಬಹುದು, ಪದವಿಯ ಮರುದಿನವೇ ಕೆಲಸಕ್ಕೆ ಸೇರಬಹುದು. ಅವನಿಗೆ ಕೆಲ್ಲಿಯಂಥ ಶಾಲೆಯ ಬೆಲೆ ಬೇರೆ.

ಏಪ್ರಿಲ್ 28ರ ರಾತ್ರಿ ಅವಳು ರಿಚರ್ಡ್‌ಸನ್‌ಗೆ ಹೂಂ ಅಂದಳು. ಖುಷಿಯಿಂದ ಅಂದಳು ಎಂದು ಬರೆದರೆ ಸುಳ್ಳಾಗುತ್ತದೆ. ಫುಟ್‌ಬಾಲ್ ತಂಡವೇ ಇಲ್ಲದ, ಮನೆಯಿಂದ ಓಡಾಡುವ ಮಕ್ಕಳೇ ತುಂಬಿರುವ ಕಾಲೇಜು ಅದು. ಗೆಳತಿಯರು ಒಬ್ಬೊಬ್ಬರೇ ಬೇರೆ ಬೇರೆ ಊರಿನ ಫೋಟೊ ಹಾಕುತ್ತಿದ್ದ ಆಗಸ್ಟ್‌ನಲ್ಲಿ ಇವಳು ಅಮ್ಮನ ಕಾರಿನಲ್ಲಿ ಕಾಲೇಜಿಗೆ ಹೋದಳು. ಮೊದಲ ಸೆಮಿಸ್ಟರ್ ಪೂರ್ತಿ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದು ನನಗೆ ಈಗಲೂ ನೋವು.

ಇತ್ತ ಜುಲೈ ಬುಲೆಟಿನ್‌ನಲ್ಲಿ ಸಾಲು 2014ರ ಡಿಸೆಂಬರ್ 1ಕ್ಕೆ ಬಂತು. ಭಾವನ ದಿನಾಂಕಕ್ಕೆ ಬರೀ ಮೂರು ತಿಂಗಳ ಚಿಲ್ಲರೆ. ಅವರು ಮೆಡಿಕಲ್ ಪರೀಕ್ಷೆಗೆ ಡಾಕ್ಟರನ್ನು ಹುಡುಕತೊಡಗಿದ್ದರು. ಅಕ್ಟೋಬರ್‌ನಲ್ಲಿ ಅದು 2012ರ ಏಪ್ರಿಲ್‌ಗೆ ಹಿಂದೆ ಸರಿಯಿತು, ಡಿಸೆಂಬರ್‌ನಲ್ಲಿ 2011ಕ್ಕೆ. ಕಂಪನಿಗಳಲ್ಲಿ ಜನರನ್ನು ಕೆಲಸದಿಂದ ತೆಗೆಯುವ ಸುದ್ದಿ ಶುರುವಾದದ್ದೂ ಅದೇ ಚಳಿಗಾಲ. ಮನೆಯ ಮೇಲೆ ಹೊಸ ಸಾಲ ಇರಲಿಲ್ಲ ಎಂಬುದನ್ನು ಅಕ್ಕ ಆಗ ಎರಡು ಮೂರು ಸಲ ಹೇಳಿದಳು.

ಎರಡನೇ ವರ್ಷದಿಂದ ಹುಡುಗಿ ಕ್ಯಾಂಪಸ್ಸಿನ ಅಪಾರ್ಟ್‌ಮೆಂಟಿಗೆ ಹೋದಳು. ಮನೆಯಿಂದ ಅರ್ಧ ಗಂಟೆಯ ದೂರ, ಆದರೂ ಬೇರೆ ಮನೆ. ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಹೆಚ್ಚು ಬಿತ್ತು. ಆ ಖರ್ಚನ್ನು ಮೊದಲ ವರ್ಷದಿಂದಲೇ ಮಾಡಬೇಕಿತ್ತು, ಅದು ನನ್ನ ಹಾಳೆಯ ದೊಡ್ಡ ತಪ್ಪು. ಹದಿನೆಂಟರ ಮಗುವಿಗೆ ಮನೆ ಬಿಡುವುದೂ ಒಂದು ಪಾಠ, ಅದಕ್ಕೆ ನಾನು ಸೊನ್ನೆ ಬೆಲೆ ಹಾಕಿದ್ದೆ.

ದುಡಿಯುವಂತಿಲ್ಲದ ಆ ವರ್ಷಗಳಲ್ಲಿ ಅವಳು ಮಾಡಿದ ಒಂದು ಕೆಲಸ ನನಗೆ ಹೆಮ್ಮೆ. ಕಡಿಮೆ ವರಮಾನದವರಿಗೆ ಉಚಿತವಾಗಿ ತೆರಿಗೆ ಅರ್ಜಿ ತುಂಬಿಕೊಡುವ ವೀಟಾ ಎಂಬ ಸ್ವಯಂಸೇವೆ ಇದೆ, ತೆರಿಗೆ ಇಲಾಖೆಯೇ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತದೆ. ಎರಡು ವರ್ಷ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಪ್ರತಿ ಶನಿವಾರ ಲೈಬ್ರರಿಯೊಂದರಲ್ಲಿ ಕೂತು ಜನರ ಡಬ್ಲ್ಯೂ-2 ಎಂಬ ಸಂಬಳ, ತೆರಿಗೆಯ ಚೀಟಿಗಳನ್ನು ಬಿಡಿಸಿದಳು. ರೀಫಂಡಿನ ಮೊತ್ತ ಕೇಳಿ ಒಬ್ಬ ಅಜ್ಜಿ ಕೈ ಹಿಡಿದುಕೊಂಡು ಅತ್ತದ್ದನ್ನು ನನಗೆ ಹೇಳಿದಾಗಲೇ ನಮ್ಮ ಮಾತು ಮತ್ತೆ ಶುರುವಾದದ್ದು. ಮುಂದೆ ಸಂದರ್ಶನಗಳಲ್ಲಿ ಎಲ್ಲರೂ ಮೊದಲು ಕೇಳಿದ್ದೂ ಅದನ್ನೇ.

2024ರ ನವೆಂಬರ್‌ನಲ್ಲಿ, 20 ತುಂಬಿದ ಮರುತಿಂಗಳು, ಎಫ್-1ಕ್ಕೆ ಬದಲಾಯಿಸಲು ಐ-539 ಅರ್ಜಿ ಹಾಕಿದೆವು. ಚೆನ್ನೈಗೆ ಹೋಗಿ ವೀಸಾ ಹೊಡೆಸಿಕೊಂಡು ಬರುವುದು ಇನ್ನೊಂದು ದಾರಿ. ಅಪ್ಪನ ಗ್ರೀನ್ ಕಾರ್ಡ್ ಅರ್ಜಿ ಇರುವಾಗ 'ಓದಿ ವಾಪಸ್ ಹೋಗ್ತೀನಿ' ಎಂದು ಅಧಿಕಾರಿಯನ್ನು ಒಪ್ಪಿಸುವ ಅಪಾಯ ಬೇಡ ಎನಿಸಿತು. ಇಲ್ಲೇ ಬದಲಾಯಿಸುವವರಿಗೆ 2023ರ ಜೂನ್‌ನಿಂದ ಪ್ರೀಮಿಯಂ ಸೌಲಭ್ಯ ಬಂದಿತ್ತು, ನಾವು ಹಾಕುವಾಗ ಅದಕ್ಕೆ 1,965 ಡಾಲರ್. ಚಳಿಗಾಲದ ರಜೆಯಲ್ಲಿ ಒಪ್ಪಿಗೆ ಬಂತು. 2025ರ ಬೇಸಿಗೆಯಲ್ಲಿ ಪ್ಲೇನೊದ ಹಣಕಾಸು ಕಚೇರಿಯೊಂದರಲ್ಲಿ ಸಿಪಿಟಿ ಮೇಲೆ ಹತ್ತು ವಾರ ದುಡಿದಳು. ಮೊದಲ ಸಂಬಳದಲ್ಲಿ ಅಜ್ಜಿಗೆ ಕಿವಿಯೋಲೆ ಕೊಂಡಳು. ಫೈನಾನ್ಸ್ ಜೊತೆ ಬಿಸಿನೆಸ್ ಅನಲಿಟಿಕ್ಸ್ ಪದವಿಯನ್ನೂ ಅಷ್ಟರೊಳಗೆ ಸೇರಿಸಿಕೊಂಡಿದ್ದಳು. ಷಿಕಾಗೊ, ನ್ಯೂಯಾರ್ಕಿನ ದೊಡ್ಡ ಬ್ಯಾಂಕುಗಳ ಬಾಗಿಲು ಮಾತ್ರ ಅವಳಿಗೆ ತೆರೆಯಲಿಲ್ಲ. ಬ್ಲೂಮಿಂಗ್ಟನ್‌ನಲ್ಲಿದ್ದರೆ ತೆರೆಯುತ್ತಿತ್ತೇನೋ.

ಅದೇ 2025ರ ಜೂನ್‌ನಲ್ಲಿ ಒಂದು ವಾರ ನಿದ್ದೆಗೆಟ್ಟೆವು. ಟೆಕ್ಸಸ್‌ನ 2001ರ ಶುಲ್ಕ ನಿಯಮದ ವಿರುದ್ಧ ಕೇಂದ್ರ ಸರ್ಕಾರ ಮೊಕದ್ದಮೆ ಹೂಡಿತು, ರಾಜ್ಯ ಅದೇ ದಿನ ಒಪ್ಪಿಕೊಂಡಿತು, ನ್ಯಾಯಾಲಯ ಅದೇ ದಿನ ಆದೇಶ ಕೊಟ್ಟಿತು. ಓದಿ ನೋಡಿದರೆ ಅದು ದೇಶದಲ್ಲಿ ಕಾನೂನುಬದ್ಧ ಸ್ಥಿತಿ ಇಲ್ಲದವರಿಗೆ ಸಂಬಂಧಿಸಿದ್ದು. ಇವಳ ಶುಲ್ಕ ಬದಲಾಗಲಿಲ್ಲ. ಆದರೆ ಇವಳ ಜೊತೆ ತರಗತಿಯಲ್ಲಿ ಕೂತ, ಇವಳಷ್ಟೇ ವರ್ಷ ಇಲ್ಲೇ ಬೆಳೆದ ಕೆಲವರದು ಬದಲಾಯಿತು. ಅದನ್ನು ನೆನೆದರೆ ನಮಗೆ ಉಳಿದ ನೆಮ್ಮದಿ ಗಂಟಲಲ್ಲಿ ಇಳಿಯುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ ಅವಳಿಗೆ 21 ತುಂಬಿತು. ಆ ತಿಂಗಳ ಬುಲೆಟಿನ್‌ನಲ್ಲಿ ಇಬಿ-2 ಸಾಲು 2013ರ ಏಪ್ರಿಲ್‌ನಲ್ಲಿತ್ತು. ಅಪ್ಪನ ಅರ್ಜಿಯಿಂದ ಮಗಳ ಹೆಸರು ಅಂದಿಗೆ ಬಿಟ್ಟುಹೋಯಿತು. ಅಕ್ಕ ಹೋಳಿಗೆ ಮಾಡಿದ್ದಳು. ಊಟವಾದ ಮೇಲೆ ಹುಡುಗಿ ಲ್ಯಾಪ್‌ಟಾಪ್ ತಂದು ಹಳೆಯ ಹಾಳೆಯ ಫೋಟೊ ತೆರೆದು, ಪಕ್ಕದಲ್ಲಿ ಮಾಸ್ಟರ್ಸ್‌ಗೆಂದು ಹೊಸದೊಂದನ್ನು ಶುರುಮಾಡಿದಳು. ಊರುಗಳ ಪಟ್ಟಿಯಲ್ಲಿ ಮೂರನೆಯದು ಬ್ಲೂಮಿಂಗ್ಟನ್. ಶುಲ್ಕದ ಕಾಲಂ ಬರುವುದು ನಾಲ್ಕನೆಯದಾಗಿ. ಮೊದಲನೆಯದಕ್ಕೆ ಅವಳು ಹಾಕಿದ ತಲೆಬರಹ, 'ಕೋರ್ಸಿನ ಆರಂಕಿಯ ಸಂಕೇತ'.